ಬಾಲ್ಕನಿಯಲ್ಲೊಂದು ನಾರ್ಮಂಡಿ ಹಳ್ಳಿ

"ಗಣೇಶನ ಹಬ್ಬಕ್ಕೆ ಇನ್ನೂ ನಾಲ್ಕು ತಿಂಗಳಿದೆಯಲ್ಲಪ್ಪಾ, ಈಗ್ಲೇ ಮಂಟಪ ಶುರು ಮಾಡಿದ್ಯಾ?" ಅಂತ ಪಕ್ಕದ್ಮನೆ ಆಂಟಿ ಕೇಳಿದರು. ಬಾಲ್ಕನಿ ತುಂಬ ಫೋಮ್ ಚೂರು, ನನ್ನ ತಲೆಯಲ್ಲೂ ಅದೇ. ಮಂಟಪ ಅಲ್ಲ ಆಂಟಿ, ಹಳ್ಳಿ ಅಂದೆ. ಯಾವ ಹಳ್ಳಿ ಅಂದರು. ಫ್ರಾನ್ಸಿಂದು, 1346ನೇ ಇಸವಿದು ಅಂದಮೇಲೆ ಅವರು ಸುಮ್ಮನೆ ಬಟ್ಟೆ ಹರವೋದನ್ನು ಮುಂದುವರಿಸಿದರು.

ನನ್ನ ವೀಕೆಂಡ್ ಹುಚ್ಚಿನ ಹೆಸರು ಮಿನಿಯೇಚರ್ ವಾರ್‌ಗೇಮಿಂಗ್. ಒಂದಿಂಚಿಗಿಂತ ಚೂರು ಎತ್ತರದ, 28 ಮಿ.ಮೀ. ಸೈನಿಕರಿಗೆ ಬಣ್ಣ ಹಚ್ಚಿ ಮೇಜಿನ ಮೇಲೆ ನಿಲ್ಲಿಸ್ತೀವಿ. ಟೇಪು ಹಿಡಿದು ಅಳೆದು ನಡೆಸ್ತೀವಿ. ಬಾಣ ತಾಗಿತೋ ಇಲ್ಲವೋ, ದಾಳ ಹೇಳುತ್ತೆ. ಚೆಸ್ಸಿನ ಹಾಗೆ ಮನೆಗಳಿಲ್ಲ, ಗುಡ್ಡ, ಬೇಲಿ, ರಸ್ತೆ, ಗೋಡೆ ಎಲ್ಲವೂ ಆಟವೇ. ಆದ್ದರಿಂದ ನೆಲವನ್ನೂ ನಾವೇ ಕಟ್ಟಬೇಕು.

ಥರ್ಮಾಕೋಲ್ ಬೇಡ, ಕತ್ತರಿಸಿದರೆ ಸಾಬೂದಾನಿ ಥರ ಉದುರುತ್ತೆ. ತಾರಸಿ ಕಾಯದಿರಲಿ ಅಂತ ಹಾಕೋ ಎಕ್ಸ್‌ಪಿಎಸ್ ಹಲಗೆ ತಗೊಳ್ಳಿ. ಅದೂ ಪಾಲಿಸ್ಟೈರೀನೇ, ಆದರೆ ಕಾಳು ಕಾಳಾಗಿಲ್ಲ. ಹೊಸ ಬ್ಲೇಡಿದ್ದರೆ ಬೆಣ್ಣೆ ಕೊಯ್ದಂತೆ. ಪೆನ್ಸಿಲಿನಲ್ಲಿ ಗೆರೆ ಎಳೆದರೆ ಕಲ್ಲಿನ ಸಂದು, ಅಲ್ಯೂಮಿನಿಯಂ ಫಾಯಿಲ್ ಉಂಡೆ ಮಾಡಿ ಉರುಳಿಸಿದರೆ ಕಲ್ಲಿನ ಒರಟು. ಬಿಸಿ ತಂತಿಯಿಂದ ಕತ್ತರಿಸೋರು ಮಾತ್ರ ಕಿಟಕಿ ತೆಗೆದಿಟ್ಟುಕೊಳ್ಳಿ, ಆ ಹೊಗೆ ಒಳ್ಳೆಯದಲ್ಲ.

ಮಾಡ್ಯುಲರ್ ಅಂದರೆ ಒಂದಡಿ ಚೌಕದ 16 ತುಂಡು, ಜೋಡಿಸಿದರೆ ನಾಲ್ಕಡಿಗೆ ನಾಲ್ಕಡಿ ಮೇಜು. ರಸ್ತೆ ಯಾವ ತುಂಡಿಂದ ಹೊರಗೆ ಹೋದರೂ ಅಂಚಿನ ಸರಿಮಧ್ಯದಲ್ಲೇ ಹೋಗಬೇಕು, 8 ಸೆಂ.ಮೀ. ಅಗಲವೇ ಇರಬೇಕು. ಆಗ ಹೇಗೆ ತಿರುಗಿಸಿ ಇಟ್ಟರೂ ಕೂಡುತ್ತೆ, ಪ್ರತಿ ವಾರ ಹೊಸ ಹಳ್ಳಿ. ಆಫೀಸಲ್ಲಿ ನಾವು ಎಪಿಐ ಅನ್ನೋದು ಇದಕ್ಕೇ: ಒಳಗೆ ಏನಾದರೂ ಮಾಡ್ಕೋ, ಅಂಚಿನ ಒಪ್ಪಂದ ಮುರೀಬೇಡ. ನನ್ನ ಮೊದಲ ಆರು ತುಂಡು ತಾವಾಗಿಯೇ ಮುರಿದವು. ಬಣ್ಣ, ಅಂಟು ಒಂದೇ ಮಗ್ಗುಲಲ್ಲಿ ಒಣಗಿ ಎಳೆದು, ಹಲಗೆ ಬಾಳೆ ಎಲೆಯಂತೆ ಬಾಗಿ, ಸಂದಿನಲ್ಲಿ ಬಿಲ್ಲುಗಾರರು ಬಿದ್ದರು. ಈಗ ಪ್ರತಿ ತುಂಡಿನ ಅಡಿಗೂ 3 ಮಿ.ಮೀ. ಎಂಡಿಎಫ್ ಇದೆ.

ಮನೆ ಕಟ್ಟೋದೇ ನನಗೆ ಇಷ್ಟದ ಭಾಗ. ಆ ಕಾಲದ ನಾರ್ಮಂಡಿಯಲ್ಲಿ ಮರದ ಚೌಕಟ್ಟು ನಿಲ್ಲಿಸಿ, ನಡುವೆ ತಡಿಕೆ ಹೆಣೆದು, ಜೇಡಿಮಣ್ಣಿಗೆ ಹುಲ್ಲು ಕಲಸಿ ಮೆತ್ತುತ್ತಿದ್ದರು. ಓದ್ತಾ ಅಜ್ಜಿ ಮನೆ ಹಿತ್ತಲ ಗೋಡೆ ನೆನಪಾಯ್ತು. ಅಲ್ಲೂ ಮಣ್ಣಿಗೆ ಹುಲ್ಲು ಸೇರಿಸಿಯೇ ತುಳಿಯುತ್ತಿದ್ದರು, ಒಣಗುವಾಗ ಬಿರುಕು ಬಿಡದಿರಲಿ ಅಂತ. ನನ್ನ ಗೋಡೆ ಫೋಮ್, ಮಣ್ಣು ಅಂದರೆ ವಾಲ್ ಪುಟ್ಟಿ, ತೊಲೆಗಳು ಆಫೀಸ್ ಪ್ಯಾಂಟ್ರಿಯ ಕಾಫಿ ಕಲಕೋ ಕಡ್ಡಿ. ಹುಲ್ಲಿನ ಚಾವಣಿಗೆ ಹಳೇ ಟರ್ಕಿ ಟವೆಲ್: ಪಟ್ಟಿ ಕತ್ತರಿಸಿ, ಫೆವಿಕಾಲ್ ನೀರಲ್ಲಿ ಅದ್ದಿ, ಸೂರಿನಿಂದ ಮೇಲಕ್ಕೆ ಒಂದರ ಮೇಲೊಂದು. ನಾರ್ಮಂಡಿಯಲ್ಲಿ ಇವತ್ತಿಗೂ ಹುಲ್ಲು ಚಾವಣಿಯ ನೆತ್ತಿಗೆ ಜೇಡಿಮಣ್ಣು ಮೆತ್ತಿ ಐರಿಸ್ ಹೂಗಿಡ ನೆಡುತ್ತಾರೆ, ಬೇರು ಮಣ್ಣನ್ನು ಹಿಡಿದಿಟ್ಟುಕೊಳ್ಳುತ್ತೆ. 1346ರಲ್ಲಿ ನೆಡುತ್ತಿದ್ದರೋ ಇಲ್ಲವೋ, ನಾನಂತೂ ನೇರಳೆ ಚುಕ್ಕೆ ಇಟ್ಟೆ.

ಒಂದು ಮನೆಗೆ ಆತುರದಲ್ಲಿ ಸ್ಪ್ರೇ ಪೇಂಟ್ ಹೊಡೆದೆ. ಸ್ಪ್ರೇಯಲ್ಲಿರೋ ದ್ರಾವಕ ಪಾಲಿಸ್ಟೈರೀನನ್ನು ಕರಗಿಸುತ್ತೆ. ಗೋಡೆ ಕಣ್ಣೆದುರೇ ಕೆಂಡದ ಮೇಲಿನ ಹಪ್ಪಳದ ಹಾಗೆ ಮುದುಡಿತು. (ಮೊದಲು ಕಪ್ಪು ಅಕ್ರಿಲಿಕ್‌ಗೆ ಫೆವಿಕಾಲ್ ಬೆರೆಸಿ ಎರಡು ಕೋಟ್ ಹಚ್ಚಬೇಕು, ಒಂದು ಸಂದೂ ಬಿಡಬಾರದು.) ಬಿಸಾಡೋಕೆ ಹೋದವನು ನಿಂತೆ. ಸುಟ್ಟ ಮನೆ ಹೀಗೇ ಇರುತ್ತಲ್ವಾ? ಅವತ್ತೇ ಪ್ಲಾನ್ ಬದಲಾಯ್ತು. ಪ್ರತಿ ಮನೆಗೂ ಜಾಗ ಒಂದೇ, ಮನೆ ಎರಡು, ಒಂದು ಹಸನಾದದ್ದು, ಒಂದು ಸುಟ್ಟದ್ದು. ಆಟದ ಮಧ್ಯೆ ಎತ್ತಿ ಬದಲಾಯಿಸಬಹುದು.

ಯಾಕಂದರೆ ನಮ್ಮ ಆಟವೇ ಅದು. ಇಂಗ್ಲೆಂಡಿನ ಮೂರನೇ ಎಡ್ವರ್ಡ್ 1346ರ ಜುಲೈ 12ರಂದು ನಾರ್ಮಂಡಿಯ ಸೇಂಟ್ ವಾಸ್ಟ್‌ನಲ್ಲಿ ಇಳಿದ. ಜುಲೈ 26ಕ್ಕೆ ಕಾನ್ ಪಟ್ಟಣ ಬಿತ್ತು, ಆಗಸ್ಟ್ 26ಕ್ಕೆ ಕ್ರೆಸಿಯ ಪ್ರಸಿದ್ಧ ಯುದ್ಧ. ಕ್ರೆಸಿ ಎಲ್ಲ ಪುಸ್ತಕಗಳಲ್ಲೂ ಇದೆ. ಅದಕ್ಕೆ ಮುಂಚಿನ ಆರು ವಾರ ದಾರಿಯುದ್ದಕ್ಕೂ ಹಳ್ಳಿಗಳನ್ನು ಲೂಟಿ ಮಾಡಿ ಸುಡುತ್ತಾ ಹೋದರು. ಅದು ಬರೀ ಪುಂಡಾಟವಲ್ಲ, ಯುದ್ಧತಂತ್ರ. ಊರು ಸುಟ್ಟರೆ ಫ್ರೆಂಚ್ ರಾಜನಿಗೆ ತೆರಿಗೆ ಇಲ್ಲ, ಪ್ರಜೆಗಳನ್ನು ಕಾಯಲಾಗದ ರಾಜ ಅನ್ನೋ ಅವಮಾನ ಬೇರೆ.

ಮೊದಲ ಆಟದಲ್ಲಿ ನಾನು ಇಂಗ್ಲಿಷರ ಕಡೆ. ಸುಟ್ಟ ಮನೆಗೆ ಮೂರು ಪಾಯಿಂಟು. ಏಳರಲ್ಲಿ ಐದು ಸುಟ್ಟೆ. ಪ್ರತಿ ಸಲ ಐರಿಸ್ ಹೂವಿನ ಮನೆ ಎತ್ತಿ, ಕಪ್ಪು ಮನೆ ಇಟ್ಟು, ಮೇಲೆ ಹತ್ತಿ, ಒಳಗೆ ದೀಪಾವಳಿಯ ಎಲ್‌ಇಡಿ. "ಸೂಪರ್ ಮಗಾ!" ಅಂತ ಗೆಳೆಯ ಫೋಟೋ ತೆಗೆದ. ಗೆದ್ದೆ. ಎಲ್ಲ ಡಬ್ಬಕ್ಕೆ ತುಂಬುವಾಗ ಗಮನಿಸಿದೆ: 40 ಬಿಲ್ಲುಗಾರರು, 20 ಕುದುರೆ ಸವಾರರು, ಹಂದಿಗೂಡೂ ಇದೆ, ಹಳ್ಳಿಯವರು ಒಬ್ಬರೂ ಇಲ್ಲ. ಎರಡು ತಿಂಗಳು ಮನೆ ಕಟ್ಟಿದವನಿಗೆ ಮನೆಯಲ್ಲಿ ಯಾರಿದ್ದಾರೆ ಅಂತ ಹೊಳೆದೇ ಇರಲಿಲ್ಲ.

ಈಗ ರೂಲ್ ತಿದ್ದಿದ್ದೀವಿ. 12 ಜನ ಹಳ್ಳಿಯವರು, ಪ್ರತಿ ಸರದಿಗೂ ನಾಲ್ಕಿಂಚು ಕಲ್ಲಿನ ಚರ್ಚ್ ಕಡೆ ಓಡ್ತಾರೆ. "ಇವರು ಯಾರ ಕಡೆ?" ಅಂತ ಗೆಳೆಯ ಕೇಳಿದ. ಯಾರ ಕಡೆಯೂ ಅಲ್ಲ, ಆದರೆ ತಲುಪಿದ ಪ್ರತಿಯೊಬ್ಬರಿಗೂ ಫ್ರೆಂಚರಿಗೆ ಒಂದು ಪಾಯಿಂಟು ಅಂದೆ. ಎರಡನೇ ಆಟದಲ್ಲಿ ಅವನ ಸವಾರರು ಜನರನ್ನು ಬಿಟ್ಟು ನನ್ನ ಬಿಲ್ಲುಗಾರರ ಮೇಲೇ ನುಗ್ಗಿದರು, ಮೂರೇ ಮಂದಿ ಚರ್ಚ್ ಮುಟ್ಟಿದರು. ಒಂದು ಪಾಯಿಂಟು ಸಾಲದು, ಎರಡಾದರೂ ಮಾಡಬೇಕು. ಶನಿವಾರ ಮತ್ತೆ ಆಟ. 12 ಜನರಲ್ಲಿ ಏಳು ಮಂದಿಗೆ ಬಣ್ಣ ಆಗಿದೆ. ಹಂದಿಮರಿ ಎತ್ತಿಕೊಂಡ ಹೆಂಗಸಿಗೆ ಇವತ್ತು ರಾತ್ರಿ ಹಚ್ಚಬೇಕು.