ಅರ್ಧ ದಿನ ನೋಡಿದರೆ ಸಾಕೇ?



ಮೊನ್ನೆ ಸಮಾಜ ಪಾಠದಲ್ಲಿ ಗುರುಗಳು ದಕ್ಷಿಣ ಆಫ್ರಿಕಾದ ಝುಲು ಜನರ ಚಿತ್ರ ತೋರಿಸಿದರು. ಚರ್ಮದ ಉಡುಪು, ಗುರಾಣಿ ನೋಡಿ ‘ಕಾಡು ಜನ’ ಅಂತ ನಾವೆಲ್ಲ ನಕ್ಕೆವು. ನಾನೂ ನಕ್ಕೆ. ಅದು ತಪ್ಪು ಎಂದು ಈಗ ನನ್ನ ಅಭಿಪ್ರಾಯ.

ಅಲ್ಲಿ ಪ್ರವಾಸಿಗರಿಗೆ ಅರ್ಧ ದಿನದಲ್ಲಿ ಝುಲು ಸಂಸ್ಕೃತಿ ತೋರಿಸ್ತಾರಂತೆ. ಜೇನುಗೂಡಿನಂಥ ಹುಲ್ಲಿನ ಗುಡಿಸಲು, ನಡುವೆ ದನದ ದೊಡ್ಡಿ, ಮಣಿಸರ, ಕುಣಿತ. ಹಾಗೆ ತೋರಿಸಿದ ಶಾಕಾಲ್ಯಾಂಡ್ ಎಂಬ ಊರು 1986ರಲ್ಲಿ ಬಂದ ಟಿ.ವಿ. ಧಾರಾವಾಹಿಗೆ ಹಾಕಿದ್ದ ಸೆಟ್ಟು!

ಕುಣಿತ ಬೇಡ ಅಂತ ನಾನು ಹೇಳೋದಿಲ್ಲ. ಅದರಿಂದ ಅವರ ಹೊಟ್ಟೆ ತುಂಬುತ್ತದೆ, ಹಳೆಯ ಕಲೆ ಉಳಿಯುತ್ತದೆ. ಆದರೆ ಅಷ್ಟೇ ಝುಲು ಅಲ್ಲ. ಡರ್ಬನ್ ಹತ್ತಿರ ಜಾನ್ ಡೂಬೆ ಎಂಬ ಝುಲು ಗುರುಗಳು ಕಟ್ಟಿದ ಶಾಲೆ ಇದೆ. 1994ರಲ್ಲಿ ನೆಲ್ಸನ್ ಮಂಡೇಲಾ ಅವರು ಜೀವನದಲ್ಲಿ ಮೊದಲ ಸಲ ಮತ ಹಾಕಿದ್ದು ಅದೇ ಶಾಲೆಯಲ್ಲಿ. ಬಂದವರಿಗೆ ಆ ಶಾಲೆಯನ್ನೂ ತೋರಿಸಬೇಕು. ನಮ್ಮ ಪಾಠದಲ್ಲೂ ಅದರ ಚಿತ್ರ ಇರಬೇಕು.

ಇನ್ನೊಂದು ಮಾತು. ನಾವು ದಿನಾ ತಿನ್ನೋ ರೊಟ್ಟಿಯ ಜೋಳ ಮೊದಲು ಬೆಳೆದದ್ದು ಆಫ್ರಿಕಾದಲ್ಲೇ ಅಂತ ಗುರುಗಳು ಹೇಳಿದರು. ಅವರ ಖಂಡದ ಕಾಳು ಉಂಡು ಅವರನ್ನೇ ನೋಡಿ ನಗೋದು ಸರಿಯೇ? ನೀವೇ ಹೇಳಿರಿ.

— 7ನೇ ತರಗತಿಯ ವಿದ್ಯಾರ್ಥಿನಿ