ಹಾಡಿನ ವಹಿಗಳು ರದ್ದಿಗೆ ಹೋಗಬಾರದು

ಹಾಡಿಲ್ಲದ ನಾಟಕವನ್ನು ನಾಟಕವೆಂದು ಒಪ್ಪದ ಸೀಮೆ ನಮ್ಮದು. ಪಾತ್ರಧಾರಿ ಎಷ್ಟೇ ಸೊಗಸಾಗಿ ಮಾತನಾಡಲಿ, ಕಾಲಪೇಟಿಯ ಸ್ವರದೊಡನೆ ಅವನ ಕಂಠ ಕೂಡುವವರೆಗೆ ನಮ್ಮ ಹಿರಿಯರು ತಲೆದೂಗುತ್ತಿರಲಿಲ್ಲ. ಪದಕ್ಕೆ ‘ಒನ್ಸ್ ಮೋರ್’ ಬಿದ್ದಿತೆಂದರೆ ರಣರಂಗದಲ್ಲಿ ಮಡಿದ ವೀರನೂ ಎದ್ದು ಕುಳಿತು ಮತ್ತೊಮ್ಮೆ ಹಾಡಬೇಕಾಗುತ್ತಿತ್ತಂತೆ! ಪಾಶ್ಚಾತ್ಯರು ಆಪೆರಾ ಎಂದು ಕರೆದು ಗೌರವಿಸುವ ಕಲೆಗೆ ನಮ್ಮ ಶ್ರೀಕೃಷ್ಣ ಪಾರಿಜಾತವೂ ಕಂಪನಿ ನಾಟಕವೂ ತೀರ ಹತ್ತಿರದ ಬಂಧುಗಳು. ಆದರೆ ಅವರು ತಮ್ಮ ಗಾಯಕರ ಕೈಬರಹವನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಕಾಯುತ್ತಾರೆ. ನಮ್ಮ ಗಾಯಕರ ಹಾಡಿನ ವಹಿಗಳು ರದ್ದಿಯ ತಕ್ಕಡಿ ಏರುತ್ತಿವೆ. ಇದು ತರವೇ? ಈ ಪ್ರಶ್ನೆಯನ್ನು ಅಧ್ಯಾಪಕ ವರ್ಗದ ಹಾಗೂ ಸಹಪಾಠಿಗಳ ಮುಂದೆ ಇಡುವುದೇ ಈ ಲೇಖನದ ಉದ್ದೇಶ.

ನಮ್ಮ ಸಂಪತ್ತು ಎಂಥದೆಂಬುದನ್ನು ಮೊದಲು ನೋಡೋಣ. ಅಪರಾಳ ತಮ್ಮಣ್ಣನ ಪಾರಿಜಾತಕ್ಕೆ ಕುಲಗೋಡ ತಮ್ಮಣ್ಣನು ಆಟದ ರೂಪ ಕೊಟ್ಟನು. ಕೌಜಲಗಿ ನಿಂಗಮ್ಮನು ಹೆಣ್ಣುಮಕ್ಕಳು ರಂಗ ಏರುವುದೇ ದುಸ್ತರವಾಗಿದ್ದ ಕಾಲದಲ್ಲಿ ಅದನ್ನು ಊರೂರಿಗೆ ಹಾಡಿ ಮುಟ್ಟಿಸಿದಳು. ನಮ್ಮ ಹುನಗುಂದ ಸೀಮೆಯ ಕಂದಗಲ್ಲಿನಲ್ಲಿ ಹುಟ್ಟಿದ ಹನುಮಂತರಾಯರು (1896–1966) ‘ರಕ್ತರಾತ್ರಿ’, ‘ಅಕ್ಷಯಾಂಬರ’ಗಳಂಥ ನಾಟಕಗಳಿಂದ ಕಂಪನಿಗಳ ಹೊಟ್ಟೆ ತುಂಬಿಸಿದರು. ಬೀಳಗಿಯ ಅಮೀರಬಾಯಿ ಕರ್ನಾಟಕಿ ಮುಂಬಯಿಗೆ ಹೋಗಿ ‘ಕಿಸ್ಮತ್’ (1943) ಚಿತ್ರದ ಹಾಡುಗಳಿಂದ ದೇಶಕ್ಕೆಲ್ಲ ಪರಿಚಿತಳಾದಳು. ಹಾಡಿದ್ದಷ್ಟೇ ಅಲ್ಲ, 1948ರ ‘ಶಹನಾಜ್’ ಚಿತ್ರಕ್ಕೆ ಸ್ವತಃ ಸಂಗೀತ ಸಂಯೋಜಿಸಿದಳು. ಮಲ್ಲಿಕಾರ್ಜುನ ಮನಸೂರರಂಥ ಮಹಾಗಾಯಕರು ಬಾಲ್ಯದಲ್ಲಿ ಬಣ್ಣ ಹಚ್ಚಿದ್ದು ವಾಮನರಾವ ಮಾಸ್ತರರ ಕಂಪನಿಯಲ್ಲಿ. ಏಣಗಿ ಬಾಳಪ್ಪನವರು (1914–2017) ನೂರು ದಾಟಿದ ಮೇಲೂ ರಂಗಗೀತೆಯ ಹೆಸರೆತ್ತಿದರೆ ಅರಳುತ್ತಿದ್ದರು. ಇವರ ಹೆಸರುಗಳಾದರೂ ಉಳಿದಿವೆ. ಇವರ ಬೆನ್ನ ಹಿಂದೆ ನಿಂತು ಪದ ಕಟ್ಟಿದ, ಧಾಟಿ ಕೂಡಿಸಿದ, ಹುಡುಗರಿಗೆ ಹಾಡು ಕಲಿಸಿದ ನೂರಾರು ಪೇಟಿ ಮಾಸ್ತರರ ಹೆಸರೂ ಉಳಿದಿಲ್ಲ. ಅವರು ಬಿಟ್ಟುಹೋದ ಆಸ್ತಿಯೆಂದರೆ ಈ ವಹಿಗಳು ಮಾತ್ರ.

ಇಂಥದೊಂದು ವಹಿಯನ್ನು ಹುನಗುಂದದ ಹತ್ತಿರದ ಹಳ್ಳಿಯೊಂದರಲ್ಲಿ ನೋಡುವ ಯೋಗ ನನಗೆ ಒದಗಿತು. ಅಂಗಡಿಯ ಲೆಕ್ಕ ಬರೆಯುವ ಉದ್ದನೆಯ ಕೆಂಪು ವಹಿ. ಪ್ರತಿ ಪದದ ತಲೆಯ ಮೇಲೆ ರಾಗ, ತಾಲ. ಅದರ ಕೆಳಗೆ ‘ಧಾಟಿ’ ಎಂದು ಬರೆದು ಯಾವುದೋ ಮರಾಠಿ ನಾಟ್ಯಪದದ ಮೊದಲ ಎರಡು ಮಾತು. ಎಲ್ಲಿ ಉಸಿರು ಹಿಡಿಯಬೇಕು, ಎಲ್ಲಿ ತಾನು ಬಿಡಬೇಕು ಎಂಬುದಕ್ಕೆ ಮಾಸ್ತರರದೇ ಗೆರೆ–ಚುಕ್ಕೆಗಳು. ಒಂದು ಕಡೆ ಸಾಲನ್ನು ಹೊಡೆದು ಬೇರೆ ಸಾಲು ಬರೆದು, ಬದಿಯಲ್ಲಿ ‘ಹುಡುಗನ ದನಿ ಒಡೆದಿದೆ, ಇಳಿಸಿ ಹಾಡುವುದು’ ಎಂದು ಟಿಪ್ಪಣಿ. ಅಚ್ಚಾದ ನಾಟಕದ ಪುಸ್ತಕದಲ್ಲಿ ಇದಾವುದೂ ಸಿಗದು. ಅಲ್ಲಿ ಪದವಿರುತ್ತದೆ, ಹಾಡು ಇರುವುದಿಲ್ಲ. ಆ ಮನೆಯ ಅಜ್ಜ ನನಗೆ ಹೇಳಿದ ಮಾತು ಇನ್ನೂ ದೊಡ್ಡದು: “ವಹಿಯಾಗ ಬರೇ ಗುರ್ತು ಅದಾವ ತಮ್ಮಾ, ಹಾಡು ನನ್ನ ಗಂಟಲಾಗ ಐತಿ.” ಅಜ್ಜನ ಗಂಟಲಿಲ್ಲದೆ ವಹಿ ಮೂಕ, ವಹಿಯಿಲ್ಲದೆ ಗಂಟಲಿಗೆ ಮರೆವು. ಎರಡೂ ಒಟ್ಟಿಗೆ ಇರುವ ಕಾಲ ಇನ್ನು ಬಹಳ ಉಳಿದಿಲ್ಲ.

ನಮ್ಮ ಜಿಲ್ಲೆಗೆ ಇದರ ಜೊತೆಗೆ ಮತ್ತೊಂದು ಆಪತ್ತೂ ಬಂದಿತು. ಆಲಮಟ್ಟಿಯ ಹಿನ್ನೀರು ಏರಿದಾಗ ಹಳೆಯ ಬಾಗಲಕೋಟೆಯ ಓಣಿಗಳು ನೀರು ಪಾಲಾದವು, ಎಷ್ಟೋ ಹಳ್ಳಿಗಳು ಗಂಟುಮೂಟೆ ಕಟ್ಟಿದವು. ನವನಗರಕ್ಕೆ ಸಂಸಾರ ಸಾಗಿಸುವವರು ಹಂಡೆ, ಕಪಾಟು, ಬಾಗಿಲ ಚೌಕಟ್ಟುಗಳನ್ನು ಬಂಡಿಗೆ ಹೇರುತ್ತಾರೆ. ಅಟ್ಟದ ಮೇಲಿನ ಗೆದ್ದಲು ಹತ್ತಿದ ವಹಿಯನ್ನು ಯಾರು ಹೇರಿಯಾರು? ಅವರನ್ನು ದೂರುವುದು ಅನ್ಯಾಯ. ಅದು ಬೆಲೆಯುಳ್ಳದ್ದೆಂದು ಓದಿದವರಾದ ನಾವು ಅವರಿಗೆ ಹೇಳಿದ್ದುಂಟೇ?

ಕೆಲವರು ಆಕ್ಷೇಪಿಸಬಹುದು: ‘ಕಂಪನಿ ಹಾಡುಗಳಲ್ಲಿ ಸಾಹಿತ್ಯವೇನಿದೆ? ಮರಾಠಿ ಧಾಟಿಗೆ ಕನ್ನಡ ಮಾತು ತುರುಕಿದ್ದು ತಾನೆ?’ ಹಲವು ಪದಗಳ ಮಟ್ಟಿಗೆ ಈ ಮಾತು ನಿಜ. ಆದರೆ ಎರವಲು ತಂದ ಧಾಟಿ ನಮ್ಮ ಗಾಯಕರ ಬಾಯಲ್ಲಿ ಹೇಗೆ ಬಾಗಿತು, ಕನ್ನಡದ ದೀರ್ಘ–ಹ್ರಸ್ವಗಳು ಅದನ್ನು ಹೇಗೆ ಮಣಿಸಿದವು ಎಂಬುದೇ ಅಭ್ಯಾಸಕ್ಕೆ ಯೋಗ್ಯವಾದ ವಿಷಯ. ಎರಡು ನಾಡುಗಳ ನಡುವೆ ಸಂಗೀತ ನಡೆದಾಡಿದ ಹೆಜ್ಜೆಗಳು ಅಲ್ಲಿವೆ. ಅಲ್ಲದೆ, ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ಎಂದು ಆರಿಸಬೇಕಾದರೂ ಮೊದಲು ಅದು ಉಳಿದಿರಬೇಕಲ್ಲ!

ಪ್ಯಾರಿಸಿನಲ್ಲಿ ಪೌಲೀನ್ ವಿಯಾರ್ಡೊ (1821–1910) ಎಂಬ ಗಾಯಕಿ ಇದ್ದಳು. ಆಪೆರಾ ರಂಗದಲ್ಲಿ ಹೆಸರಾಂತವಳು, ಸ್ವತಃ ಗೀತಗಳನ್ನೂ ಕಿರು ಆಪೆರಾಗಳನ್ನೂ ರಚಿಸಿದವಳು. ಮೊಜಾರ್ಟನು ತನ್ನ ಕೈಯಾರೆ ಬರೆದ ‘ಡಾನ್ ಜೊವಾನಿ’ಯ ಪ್ರತಿಯನ್ನು 1855ರಲ್ಲಿ ಕೊಂಡುಕೊಂಡು, ದೇವರ ಪೆಟ್ಟಿಗೆಯಂತೆ ಕಾಪಾಡಿ, 1892ರಲ್ಲಿ ಪ್ಯಾರಿಸಿನ ಸಂಗೀತ ವಿದ್ಯಾಲಯಕ್ಕೆ ದಾನವಿತ್ತಳು. 1886ರಲ್ಲಿ ಅವಳ ಮನೆಗೆ ಬಂದ ರಷ್ಯದ ಚೈಕೊವ್‌ಸ್ಕಿ ಆ ಹಾಳೆಗಳನ್ನು ಕಂಡು ಭಕ್ತಿಪರವಶನಾದನು. ಅವಳ ಸ್ವಂತ ಕಾಗದಪತ್ರಗಳೂ ಇಂದು ಅಮೇರಿಕೆಯ ಹಾರ್ವರ್ಡ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಭದ್ರವಾಗಿವೆ. ಹಾಡುವವಳೇ ಕಾಯುವವಳೂ ಆದುದರಿಂದ ಉಳಿದ ನಿಧಿ ಅದು.

ದೂರದ ಮಾತೇಕೆ? ನಮ್ಮ ಬಾದಾಮಿಯ ಬಂಡೆಯ ಮೇಲೆ ಸುಮಾರು 700ನೆಯ ಇಸವಿಯ ಕಪ್ಪೆ ಅರಭಟ್ಟನ ತ್ರಿಪದಿಗಳಿವೆ. ಕಲ್ಲಿನಲ್ಲಿ ಕೆತ್ತಿದ್ದರಿಂದ ಆ ಪದ್ಯ ಸಾವಿರದ ಮುನ್ನೂರು ವರ್ಷ ಬಾಳಿತು. ಅಲ್ಲಿಂದ ಕೂಗಳತೆಯಲ್ಲಿರುವ ಬನಶಂಕರಿ ಜಾತ್ರೆಯಲ್ಲಿ ವರ್ಷವರ್ಷವೂ ಕಂಪನಿಗಳು ಡೇರೆ ಹೊಡೆಯುತ್ತವೆ. ಅಲ್ಲಿ ಒಂದು ಕಾಲಕ್ಕೆ ಬೆಳತನಕ ಮೊಳಗಿದ ಪದಗಳಿಗೆ ನೂರು ವರ್ಷದ ಆಯುಷ್ಯವೂ ಇಲ್ಲ. ಕಲ್ಲಿನ ಭಾಗ್ಯ ಕಾಗದಕ್ಕಿಲ್ಲ. ಕಾಗದಕ್ಕೆ ಮನುಷ್ಯನ ಕೈಯೇ ಕಾವಲು.

ಹಾಗಾದರೆ ಮಾಡಬೇಕಾದದ್ದೇನು? ಧಾರವಾಡದ ಕನ್ನಡ ಸಂಶೋಧನ ಸಂಸ್ಥೆ (1939), ಹಂಪಿಯ ಕನ್ನಡ ವಿಶ್ವವಿದ್ಯಾಲಯ (1991) ಹಸ್ತಪ್ರತಿಗಳ ಕೆಲಸ ಮಾಡುತ್ತಿವೆ. ಆದರೆ ಪ್ರತಿ ಓಣಿಯ ಅಟ್ಟವನ್ನು ಅವರು ಬಂದು ಹತ್ತಲಾರರು. ನಾವು ಹತ್ತಬಲ್ಲೆವು. ನಮ್ಮ ಕಾಲೇಜಿಗೆ ಇಳಕಲ್ಲಿನ ನೇಕಾರರ ಮಕ್ಕಳು ಬರುತ್ತಾರೆ, ಬಾದಾಮಿ, ಗುಳೇದಗುಡ್ಡ, ಹುನಗುಂದಗಳ ಒಕ್ಕಲು ಮಕ್ಕಳು ಬರುತ್ತಾರೆ. ಪ್ರತಿಯೊಬ್ಬನೂ ತನ್ನೂರಿನ ಒಬ್ಬ ಹಳೆಯ ಕಲಾವಿದನ ಮನೆ ಬಲ್ಲನು. ರಜೆಯಲ್ಲಿ ಅಲ್ಲಿಗೆ ಹೋಗಲಿ. ವಹಿಯನ್ನು ಕೇಳಿ ಒಯ್ಯುವುದು ಬೇಡ, ಅಲ್ಲಿಯೇ ಕುಳಿತು ಪುಟಪುಟವನ್ನೂ ಮೊಬೈಲಿನಲ್ಲಿ ಚಿತ್ರ ತೆಗೆಯಲಿ. ಹಿರಿಯರು ಹಾಡಬಲ್ಲರಾದರೆ ಅದನ್ನೂ ಮುದ್ರಿಸಿಕೊಳ್ಳಲಿ. ಯಾರ ವಹಿ, ಯಾವ ಊರು, ಯಾವ ಕಂಪನಿ, ಹಾಡಿದವರು ಯಾರು ಎಂಬುದನ್ನು ಬರೆದಿಡಲಿ. ಮನೆಯವರ ಒಪ್ಪಿಗೆಯಿಲ್ಲದೆ ಒಂದಕ್ಷರವೂ ಹೊರಗೆ ಹೋಗಬಾರದು. ಒಂದು ಪ್ರತಿ ಮನೆಯವರಿಗೆ, ಒಂದು ನಮ್ಮ ಗ್ರಂಥಾಲಯಕ್ಕೆ. ಕನ್ನಡ ವಿಭಾಗದ ಗುರುಗಳು ಇದನ್ನು ಕೊನೆಯ ವರ್ಷದ ವಿದ್ಯಾರ್ಥಿಗಳ ಪ್ರಬಂಧದ ಕೆಲಸವನ್ನಾಗಿ ಮಾಡಿದರೆ ಹಣದ ಖರ್ಚೂ ಹೆಚ್ಚಿಲ್ಲ.

ನಮ್ಮ ಮನೆತನದಲ್ಲಿ ಪದವಿಯ ಬಾಗಿಲು ಮುಟ್ಟಿದವನು ನಾನೇ ಮೊದಲಿಗ. ನನ್ನಂಥವರು ಈ ಕಾಲೇಜಿನಲ್ಲಿ ಬಹಳ ಮಂದಿ. ಹಿಂದಿನವರು ನಮಗೆ ಪುಸ್ತಕ ಬಿಟ್ಟುಹೋಗಲಿಲ್ಲವೆಂದು ನಾವು ಕೊರಗುವುದುಂಟು. ಆದರೆ ಅಕ್ಷರ ಕಲಿಯದ ಎಷ್ಟೋ ಹಿರಿಯರು ಇಡೀ ನಾಟಕವನ್ನು ಬಾಯಿಪಾಠ ಮಾಡಿದ್ದರು. ಎರಡನೆಯ ಇಯತ್ತೆ ಓದಿದವರು ಪದ ಕಟ್ಟಿದರು. ಅವರ ವಹಿಯನ್ನು ಓದಬಲ್ಲವರಾಗಿ ನಾವು ಬಂದಿದ್ದೇವೆ. ಓದು ಕಲಿತ ಮೊಮ್ಮಕ್ಕಳ ಕಾಲದಲ್ಲಿಯೇ ಅಜ್ಜಂದಿರ ಹಾಡು ರದ್ದಿಗೆ ಹೋಯಿತೆಂಬ ಮಾತು ನಮಗೆ ಬಾರದಿರಲಿ.