ಕಿವಿ ಗಂಟು ಕುಯ್ಸಿ ಅನ್ನೋ ಬಾಯಿಗಳಿಗೆ

ನಮ್ಮ ಕಡೆ ಒಂದು ಹೆಣ್ಮಗಳ ಕಿವೀಲಿ ಗಂಟು ಕಂಡ್ರೆ ಸಾಕು, ಊರೆಲ್ಲ ಡಾಕ್ಟ್ರಾಗೋಯ್ತಾರೆ. "ಕುಯ್ಸಾಕ್ಬುಡಿ ಅತ್ಲಾಗೆ" ಅಂತಾರೆ ಒಬ್ರು. "ಕುದುರೆ ಬಾಲದ ಕೂದ್ಲು ಬಿಗಿಯಾಗಿ ಕಟ್ಟಿ, ಅದಾಗದೇ ಉದುರೋಯ್ತದೆ" ಅಂತಾರೆ ಇನ್ನೊಬ್ರು. ಸುಣ್ಣ ಸೋಡ ಕಲಸಿ ಇಡಿ, ಬೆಳ್ಳುಳ್ಳಿ ಜಜ್ಜಿ ಕಟ್ಟಿ, ಓಲೆ ಅಪ್ಪಟ ಚಿನ್ನದ್ದಲ್ಲ ಅದಕ್ಕೇ ಅಂಗಾಗಿರೋದು. ಹೀಗೆ ಒಬ್ಬೊಬ್ಬರದ್ದೂ ಒಂದೊಂದು. ಇಷ್ಟು ಔಸ್ತಿ ಹೇಳೋರಲ್ಲಿ ಒಬ್ರಾದ್ರೂ "ಅದು ನೋಯ್ತದೇನವ್ವ, ನವೆ ಆಯ್ತದಾ, ರಾತ್ರಿ ಆ ಮಗ್ಗುಲಿಗೆ ಮಲಗೋಕಾಯ್ತದಾ" ಅಂತ ಆ ಮಗೂನ ಕೇಳಿದ್ದನ್ನ ನಾನು ಕಂಡಿಲ್ಲ.

ಈ ಬರಹ ಅವರಿಗೇ. ಕೋಪ ಬಂದ್ರೆ ಬರ್ಲಿ. ನಮ್ಮೋರೇ ಅಲ್ವಾ, ಎರಡು ದಿನ ಮಾತು ಬಿಟ್ಟು ಮೂರನೇ ದಿನ ಸಾರು ಕೇಳ್ಕೊಂಡು ಬತ್ತೀರಿ.

ಅದು ಏನು ಅನ್ನೋದು ಮೊದಲು. ಡಾಕ್ಟ್ರು ಕೆಲಾಯ್ಡ್ ಅಂತಾರೆ, ನಮ್ಮಜ್ಜೀರು ದುರ್ಮಾಂಸ ಅಂತಿದ್ರು. ಗಾಯ ಆದಾಗ ಮೈ ತಾನೇ ಕೊಲಾಜನ್ ಅನ್ನೋ ನಾರು ನೂತು ಗಾಯ ಮುಚ್ತದೆ. ಮುಚ್ಚಿದ ಮೇಲೆ ಕೆಲಸ ನಿಲ್ಲಿಸಬೇಕು. ಕೆಲವರ ಮೈಗೆ ನಿಲ್ಲಿಸೋದು ಗೊತ್ತಾಗಲ್ಲ, ನೂಲ್ತಾನೇ ಇರ್ತದೆ. ಅದು ಕ್ಯಾನ್ಸರ್ ಅಲ್ಲ, ಅಂಟುರೋಗ ಅಲ್ಲ, ಗ್ರಹಚಾರವೂ ಅಲ್ಲ. ಇನ್ನೂರು ವರ್ಷದ ಹಿಂದೆ ಫ್ರಾನ್ಸಿನ ಅಲಿಬೇರ್ ಅನ್ನೋ ಡಾಕ್ಟ್ರು ಇದಕ್ಕೆ ಹೆಸರಿಟ್ಟದ್ದೇ ಏಡಿಯ ಕೊಂಡಿ ಅನ್ನೋ ಅರ್ಥದಲ್ಲಿ. ನಾಟಿ ಮಾಡೋವಾಗ ಗದ್ದೆ ಬದೂನಲ್ಲಿ ಏಡಿ ಕೊಂಡಿ ಚಾಚ್ತದಲ್ಲ, ಹಂಗೆ ಇದೂ ಗಾಯದ ಗಡಿ ದಾಟಿ ಪಕ್ಕದ ಒಳ್ಳೆ ಚರ್ಮಕ್ಕೂ ಕಾಲು ಚಾಚ್ತದೆ.

ಈ ಗಡಿ ದಾಟೋ ಮಾತನ್ನ ಚೆನ್ನಾಗಿ ಇಟ್ಕೊಳ್ಳಿ, ಮನೆಮದ್ದಿನ ಮೋಸ ಇರೋದೇ ಇಲ್ಲಿ. ಪಾಂಡವಪುರ, ಶ್ರೀರಂಗಪಟ್ಟಣದ ಕಡೆ ಆಲೆಮನೇಲಿ ದುಡಿದೋರ ಕೈ ನೋಡಿ. ನಮ್ಮ ಮೈದ್ನ ಒಬ್ಬರಿಗೆ ಕೊಪ್ಪರಿಗೆಯಿಂದ ಕುದಿಯೋ ಪಾಕ ಎಗರಿ ಮುಂಗೈ ಬೆಂದೋಗಿತ್ತು. ವಾಸಿಯಾದ ಮೇಲೆ ಕಲೆ ಕೆಂಪಗೆ, ದಪ್ಪಗೆ, ಹಗ್ಗ ಮಲಗಿಸಿದಂಗೆ ಎದ್ದಿತ್ತು. ಆದ್ರೆ ಬೆಂದ ಜಾಗ ಬಿಟ್ಟು ಒಂದು ಕೂದಲೆಳೆಯಷ್ಟೂ ಆಚೆ ಬರಲಿಲ್ಲ. ಒಂದೂವರೆ ವರ್ಷದಲ್ಲಿ ತಾನೇ ತಗ್ಗಿತು. ಅದು ಉಬ್ಬುಗಲೆ, ಕೆಲಾಯ್ಡ್ ಅಲ್ಲ. ಉಬ್ಬುಗಲೆ ಕಾಲ ಹೋದಂಗೆ ಇಳಿಯೋದುಂಟು, ಕೆಲಾಯ್ಡ್ ಹಂಗೆ ಸುಮ್ಮನೆ ಇಳಿಯಲ್ಲ. ಅವರು ಆವಾಗ ದಿನಾ ಕೊಬ್ಬರಿ ಎಣ್ಣೆ ತಿಕ್ಕುತ್ತಿದ್ರು. ಅವತ್ತಿಂದ ನಮ್ಮ ವಂಶದಲ್ಲಿ ಎಲ್ಲ ಗಂಟಿಗೂ ಕೊಬ್ಬರಿ ಎಣ್ಣೆಯೇ ಮದ್ದು! ತಾನಾಗೇ ಹೋಗೋದು ಹೋದಾಗ ಕೀರ್ತಿ ಎಣ್ಣೆಗೆ ಬಂತು. ಹೋಗದೆ ಇರೋದು ಉಳ್ಕೊಂಡಾಗ ತಪ್ಪು ಹುಡುಗೀದು, "ಸರಿಯಾಗಿ ಅಚ್ಲಿಲ್ಲ ಇವ್ಳು" ಅಂತ.

ಎಣ್ಣೆ ತಿಕ್ಕಿದ್ರೆ ಹೋಗಲಿ, ಕೇಡಿಲ್ಲ. ಸುಣ್ಣ ಸೋಡ ಚರ್ಮ ಸುಡ್ತದೆ. ಹಸಿ ಬೆಳ್ಳುಳ್ಳಿ ಕಟ್ಟಿದ್ರೂ ಬೊಬ್ಬೆ ಬರ್ತದೆ. ಕೂದಲು ಬಿಗಿದ್ರೆ ಕೊಯ್ದು ಕೀವು ತುಂಬ್ತದೆ. ಗಾಯ ಆಗಿದ್ದಕ್ಕೇ ಬಂದ ಗಂಟಿಗೆ ಇನ್ನೊಂದು ಗಾಯ ಮಾಡಿ ವಾಸಿ ಮಾಡ್ತೀವಿ ಅನ್ನೋದು ಯಾವ ಊರ ಬುದ್ಧಿ?

ಕುಯ್ಸೋ ವಿಚಾರವೂ ಅದೇ. ನಮ್ಮ ಯಜಮಾನರ ಅಕ್ಕನ ಮಗಳನ್ನ ಕೆ.ಆರ್.ಪೇಟೆ ಕಡೆ ಕೊಟ್ಟಿದ್ದಾರೆ. ಎರಡನೇ ತೂತು ಚುಚ್ಚಿಸಿಕೊಂಡು ಐದಾರು ತಿಂಗಳಿಗೆ ಕಿವಿ ಹಿಂದೆ ಕಡಲೆಕಾಳಿನಷ್ಟು ಗಂಟು ಬಂತು. ಮನೆಯೋರ ಬಾಯಿ ತಡೀಲಾರದೆ ಒಂದು ಕ್ಲಿನಿಕ್ಕಿಗೆ ಹೋದ್ಲು. ಹತ್ತು ನಿಮಿಷದಲ್ಲಿ ಕುಯ್ದು, ಹೊಲಿಗೆ ಹಾಕಿ, ಕಾಸು ಈಸ್ಕೊಂಡು ಕಳಿಸಿದ್ರು. ತಿರುಗಿ ಬರಬೌದು ಅಂತಲೋ, ಬರದಂಗೆ ಮುಂದೇನು ಮಾಡಬೇಕು ಅಂತಲೋ ಒಂದು ಮಾತಿಲ್ಲ. ವರ್ಷ ತುಂಬೋದರೊಳಗೆ ಅಡಿಕೆ ಗಾತ್ರ ಆಯ್ತು. ಸೆರಗು ತಲೆ ಮೇಲೆ ಎಳ್ಕೊಂಡೇ ನೆಂಟರ ಮದುವೇಲಿ ಕೂತಿರ್ತಾಳೆ ಆ ಮಗು. ಬರೀ ಕುಯ್ದು ಬಿಟ್ರೆ ಕೆಲಾಯ್ಡ್ ತಿರುಗಿ ಬರೋದು ನೂರರಲ್ಲಿ 45 ಜನರಿಂದ ಹಿಡಿದು ನೂರಕ್ಕೆ ನೂರರವರೆಗೂ ಅದೆ ಅಂತ ಡಾಕ್ಟ್ರುಗಳ ಪುಸ್ತಕದಲ್ಲೇ ಬರೆದವ್ರೆ. ಎಷ್ಟೋ ಸಲ ಮೊದಲಿಗಿಂತ ದೊಡ್ಡದಾಗಿ ಬರ್ತದೆ.

ಕುಯ್ಯೋದೇ ಕೂಡದು ಅಂತಲ್ಲ. ದೊಡ್ಡ ಗಂಟಿಗೆ ಕುಯ್ಯಬೇಕಾಗ್ತದೆ. ಆದ್ರೆ ಕುಯ್ದ ಮೇಲೇ ಅಸಲು ಕೆಲಸ ಇರೋದು. ತಿಂಗಳುಗಟ್ಲೆ ಇಂಜೆಕ್ಷನ್ನು, ಇಲ್ಲಾ ಕಿವಿಗೆ ಒತ್ತಿ ಹಿಡಿಯೋ ಕ್ಲಿಪ್ಪು, ಹಠಮಾರಿ ಗಂಟಾದ್ರೆ ಕುಯ್ದ ಒಂದೆರಡು ದಿನದೊಳಗೆ ದೊಡ್ಡಾಸ್ಪತ್ರೇಲಿ ರೇಡಿಯೇಷನ್ನು. ಈ ಮುಂದಿನ ಲೆಕ್ಕ ಹೇಳದೆ ಬರೀ ಕತ್ತರಿ ತೋರಿಸೋರ ಹತ್ರ ಕಿವಿ ಕೊಡಬೇಡಿ.

ಈಗ ಯಾಕೆ ಇಷ್ಟು ಕೂಗಾಡ್ತಾ ಇದೀನಿ ಅಂದ್ರೆ, ನಮ್ಮಣ್ಣನ ಮಗಳಿಗೆ ಪಾಂಡವಪುರದಲ್ಲಿ ಮದುವೆ ಗೊತ್ತಾಗಿದೆ. ಅವಳ ಬಲಗಿವಿ ಆಲೆ ಕೆಳಗೆ ಒಂದು ಗಂಟು ಅದೆ. "ಮದ್ವೆಗೆ ಇನ್ನೂ ಎಲ್ಡು ತಿಂಗ್ಳದೆ, ಈಗ್ಲೇ ಕುಯ್ಸಿ, ಮೇಲ್ಗಡೆ ಒಸಾ ತೂತು ಚುಚ್ಸಿ, ಜುಮ್ಕಿ ಆಕ್ಬೋದು" ಅಂತ ನಮ್ಮ ಅತ್ತಿಗೆಯ ಕಿವಿ ಊದ್ತಾ ಇರೋರು ನೀವೇ, ಹೆಸರು ಹೇಳಲ್ಲ. ಎರಡು ತಿಂಗಳಿಗೆ ಕುಯ್ಸಿದ ಗಾಯ ಆರಿರಬೌದು, ಫೋಟೋದಲ್ಲಿ ಚೆಂದ ಕಾಣಬೌದು. ಗಂಟು ಮತ್ತೆ ತಲೆ ಎತ್ತೋದು ಅವಳು ಗಂಡನ ಮನೇಲಿದ್ದಾಗ, ಅದೂ ಒಂದು ಬದಲು ಎರಡು. ಬಸುರಲ್ಲಿ ಕೆಲವರಿಗೆ ಇನ್ನೂ ಜಾಸ್ತಿ ಬೆಳೀತದೆ. ಅವಾಗ ಅವಳ ಜೊತೆ ಆಸ್ಪತ್ರೆಗೆ ನಿಮ್ಮಲ್ಲಿ ಯಾರು ಬರ್ತೀರಿ?

ಗಂಡಿನ ಕಡೆಯೋರಿಗೆ ಮುಚ್ಚಿಡಿ ಅನ್ನೋ ಮಾತೂ ಬಂತು. ಮುಚ್ಚಿಡೋಕೆ ಅವಳೇನು ಕಳ್ಳತನ ಮಾಡಿದ್ದಾಳಾ? ನಮ್ಮಂಥ ಕಪ್ಪು ಎಣ್ಣೆಗಪ್ಪು ಮೈ ಬಣ್ಣದೋರಲ್ಲಿ ಇದು ಬಿಳಿಯರಿಗಿಂತ ಜಾಸ್ತಿ, ಅದೂ ಹತ್ತರಿಂದ ಮೂವತ್ತು ವರ್ಷದ ವಯಸ್ಸಲ್ಲೇ ಹೆಚ್ಚು. ಗಂಡು ಮಕ್ಕಳಿಗೂ ಬರ್ತದೆ. ಎದೆ ಮೇಲೆ ಮೊಡವೆ ಆದ ಜಾಗದಲ್ಲಿ, ಭುಜದಲ್ಲಿ, ಗಡ್ಡ ಕೆರೆಯೋ ದವಡೇಲಿ. ಅಂಗಿ ಗುಂಡಿ ಹಾಕ್ಕೊಂಡ್ರೆ ಯಾರಿಗೂ ಕಾಣಲ್ಲ, ಯಾರೂ ಕೇಳಲ್ಲ. ಹೆಣ್ಣಿನ ಕಿವಿ ಮಾತ್ರ ಊರ ಆಸ್ತಿ. ಇದು ಕೆಲವು ವಂಶದಲ್ಲಿ ಹರಿದು ಬರ್ತದೆ ಅನ್ನೋದು ನಿಜ. ಅದಕ್ಕೇ ಮುಚ್ಚಿಡಬಾರದು ಅಂತೀನಿ. ನಾಳೆ ಅವಳಿಗೆ ಮಗು ಆದ್ರೆ, ಸಿಸೇರಿಯನ್ ಆದ್ರೆ, ಡಾಕ್ಟ್ರಿಗೆ ಮೊದಲೇ "ನನಗೆ ಹಿಂಗಾಯ್ತದೆ" ಅಂತ ಹೇಳೋಕೆ ಬಾಯಿರಬೇಕು. ಅತ್ತೆ ಮನೇಲಿ ಮುಚ್ಚಿಟ್ಟ ವಿಷಯವನ್ನ ಅತ್ತೆ ಎದುರಿಗೆ ಡಾಕ್ಟ್ರ ಹತ್ರ ಹೇಗೆ ಹೇಳ್ತಾಳೆ?

ಇನ್ನು ಚುಚ್ಚಿಸೋ ಹುಚ್ಚು. ನಮ್ಮಲ್ಲಿ ಹಸುಗೂಸಿಗೇ ಸೋದರಮಾವನ ತೊಡೆ ಮೇಲೆ ಕೂರಿಸಿ ಆಚಾರ್ರ ಕೈಲಿ ಚುಚ್ಚಿಸೋ ಶಾಸ್ತ್ರ ಅದೆ. ಅದನ್ನ ನಾನು ಬೈಯಲ್ಲ. ಆಶ್ಚರ್ಯ ಅಂದ್ರೆ, 2005ರಲ್ಲಿ ಅಮೆರಿಕದ ಮಕ್ಕಳ ವೈದ್ಯರ ಪತ್ರಿಕೇಲಿ ಬಂದ ಒಂದು ಸಣ್ಣ ಲೆಕ್ಕದಲ್ಲೂ, ಹನ್ನೊಂದು ವರ್ಷ ತುಂಬಿದ ಮೇಲೆ ಕಿವಿ ಚುಚ್ಚಿಸಿಕೊಂಡೋರಿಗೇ ಕೆಲಾಯ್ಡ್ ಜಾಸ್ತಿ ಅಂತ ಕಂಡಿದೆ. ನಮ್ಮಜ್ಜೀರು ಇದನ್ನ ಲೆಕ್ಕ ಹಾಕಿ ಮಾಡಲಿಲ್ಲ, ಆದ್ರೂ ಒಳ್ಳೇದೇ ಆಯ್ತು. ಕಷ್ಟ ಶುರುವಾಗೋದು ಹೈಸ್ಕೂಲು, ಕಾಲೇಜಿನಲ್ಲಿ. ಜಾತ್ರೆಗೆ ಹೋದ್ರೆ ಒಂದು ತೂತು, ಅಕ್ಕನ ಮದುವೆಗೆ ಇನ್ನೊಂದು, ಆಮೇಲೆ ಕಿವಿ ಮೇಲಿನ ಗಟ್ಟಿ ಎಲುಬಿನಂಥ ಜಾಗಕ್ಕೂ ಒಂದು. ಆ ಗಟ್ಟಿ ಜಾಗ ಬೇಗ ಆರಲ್ಲ, ಕೀವಾದ್ರೆ ಗಂಟಿಗೆ ದಾರಿ. ಎಲ್ಲರಿಗೂ ಬೇಡ ಅನ್ನೋಕೆ ನಾನ್ಯಾರು? ಆದ್ರೆ ಅವಳಿಗೋ, ತಾಯಿಗೋ, ಒಡಹುಟ್ಟಿದೋರಿಗೋ ಎಲ್ಲಾದ್ರೂ ಒಂದು ಗಂಟು ಬಂದಿದ್ರೆ, ತೋಳಿನ ಬಿಸಿಜಿ ಚುಚ್ಚುಮದ್ದಿನ ಗುರುತು ಉಬ್ಬಿ ಬೆಳೆದಿದ್ರೂ ಸರಿ, ಎರಡನೇ ತೂತೂ ಬೇಡ, ಮೂಗೂ ಬೇಡ, ಹಚ್ಚೆಯೂ ಬೇಡ. "ಮೂಗು ಬೋಳು ಕಾಣ್ತದೆ" ಅನ್ನೋರ ಬಾಯಿ ಬೋಳಾಗಲ್ಲ ಅನ್ನೋದೂ ನನಗೆ ಗೊತ್ತು.

ಹಾಗಾದ್ರೆ ಬಂದಿರೋದಕ್ಕೆ ಏನು ಮಾಡೋದು ಅಂತ ಕೇಳ್ತೀರಿ, ಸರಿ. ಚಿಕ್ಕದಿದ್ದಾಗಲೇ ಚರ್ಮದ ಡಾಕ್ಟ್ರ ಹತ್ರ ಹೋಗಬೇಕು. ದೂರ ಏನಿಲ್ಲ. ಮಂಡ್ಯದ ಮಿಮ್ಸ್ ಆಸ್ಪತ್ರೆ ಅದೆ, ನಾಗಮಂಗಲದ ಕಡೆಯೋರಿಗೆ ಬಿ.ಜಿ. ನಗರದ ಆದಿಚುಂಚನಗಿರಿ ಆಸ್ಪತ್ರೆ, ಶ್ರೀರಂಗಪಟ್ಟಣದೋರು ಬಸ್ ಹತ್ತಿದ್ರೆ ಮೈಸೂರಿನ ಕೆ.ಆರ್. ಆಸ್ಪತ್ರೆ. ಮೊದಲು ಮಾಡೋದು ಗಂಟಿನೊಳಕ್ಕೇ ಟ್ರಯಾಮ್ಸಿನೋಲೋನ್ ಅನ್ನೋ ಸ್ಟೆರಾಯ್ಡ್ ಸೂಜಿ. ಸುಮಾರು ನಾಲ್ಕು ವಾರಕ್ಕೊಂದು ಸಲ, ಹಲವು ಸಲ. ನೋಯ್ತದೆ ಕಣ್ರವ್ವ, ಸುಳ್ಳು ಹೇಳಲ್ಲ. ಗಂಟು ಗಟ್ಟಿ ಇರೋದರಿಂದ ಮದ್ದು ಒಳಗೆ ಹೋಗೋದೇ ಕಷ್ಟ. ಮರಗಟ್ಟಿಸೋಕೆ ಮೊದಲೇ ಏನಾದ್ರೂ ಕೊಡ್ತೀರಾ ಅಂತ ಕೇಳೋಕೆ ನಾಚ್ಕೋಬೇಡಿ. ಕೆಲವರಿಗೆ ಆ ಜಾಗ ಬೆಳ್ಳಗಾಗ್ತದೆ, ಇಲ್ಲಾ ಸ್ವಲ್ಪ ಕುಳಿ ಬೀಳ್ತದೆ. ಬಸುರಿಯಾಗಿದ್ರೆ, ಸಕ್ಕರೆ ಕಾಯಿಲೆ ಇದ್ರೆ ಸೂಜಿಗೆ ಮೊದಲೇ ಹೇಳಬೇಕು. ಕೆಲವೆಡೆ ತಣ್ಣನೆಯ ದ್ರವ ಸಾರಜನಕದಿಂದ ಗಂಟು ಹೆಪ್ಪುಗಟ್ಟಿಸಿ ಸುಡ್ತಾರೆ, ಸೂಜಿ ಜೊತೆಗೆ ಸೇರಿಸಿಯೂ ಮಾಡ್ತಾರೆ. ನವೆ, ನೋವು ಮೊದಲು ಹೋಗ್ತದೆ, ಗಂಟು ಆಮೇಲೆ ಮೆತ್ತಗಾಗಿ ತಗ್ಗುತ್ತದೆ. ಪೂರಾ ಮಾಯ ಆಗದೆ ಇರಬೌದು.

ಇಲ್ಲೇ ನಮ್ಮೋರು ಕೈ ಬಿಡೋದು. ಎರಡು ಸೂಜಿ ಆಗಿ, ನವೆ ನಿಂತ ತಕ್ಷಣ "ವಾಸಿಯಾಯ್ತು ಬುಡು, ಕಬ್ಬು ಕಟಾವು ಅದೆ, ಬಸ್ ಚಾರ್ಜು ಯಾಕೆ" ಅಂತ ಮೂರನೇದಕ್ಕೆ ಹೋಗಲ್ಲ. ಆರು ತಿಂಗಳು ಬಿಟ್ಟು ಗಂಟು ಮೊದಲಿನಂಗೇ ಆದ್ಮೇಲೆ "ಆ ಡಾಕ್ಟ್ರ ಸೂಜಿ ನಾಟ್ಲಿಲ್ಲ" ಅಂತ ಊರೆಲ್ಲ ಸಾರ್ತೀರಿ. ಗಂಡನ ಮೊಣಕಾಲಿಗೆ ಒಂಬತ್ತು ಸಲ ಮೈಸೂರಿಗೆ ಹೋಗೋಕೆ ಆಯ್ತದೆ, ಮಗಳ ಕಿವಿಗೆ ಮೂರನೇ ಸಲ ಹೋಗೋಕೆ ಪುರುಸೊತ್ತಿಲ್ಲ.

ಸಿಲಿಕಾನ್ ಜೆಲ್ಲು, ಸಿಲಿಕಾನ್ ಹಾಳೆ ಅಂತ ಮೆಡಿಕಲ್ ಸ್ಟೋರಲ್ಲಿ ಸಿಗ್ತದೆ. ಅದು ಗಾಯ ಪೂರ್ತಿ ಮುಚ್ಚಿದ ಮೇಲೆ ಹಾಕೋದು, ಹಸಿ ಗಾಯಕ್ಕಲ್ಲ. ಹಾಳೆಯಾದ್ರೆ ದಿನಕ್ಕೆ ಹನ್ನೆರಡು ಗಂಟೆಗಿಂತ ಹೆಚ್ಚು ಮೈಮೇಲಿರಬೇಕು, ಅದೂ ಎರಡು ಮೂರು ತಿಂಗಳು. ಹಬ್ಬಕ್ಕೆ ಹಚ್ಚಿ ಆಮೇಲೆ ಡಬ್ಬಿ ಮುಚ್ಚಿಟ್ರೆ ಕಾಸು ದಂಡ.

ಗಾಯ ಆದಾಗ ಕಾಫಿಪುಡಿ, ಬೂದಿ, ಪೇಸ್ಟು ಮೆತ್ತೋದನ್ನ ಬಿಡಿ. ಸುಟ್ಟರೆ ತಣ್ಣೀರು ಇಪ್ಪತ್ತು ನಿಮಿಷ ಹರಿಸಿ. ಮೂರು ವಾರ ಕಳೆದರೂ ಮುಚ್ಚದ ಸುಟ್ಟ ಗಾಯ ದಪ್ಪ ಕಲೆ ಬಿಡೋದು ಹೆಚ್ಚು, ಅಷ್ಟು ದಿನ ಕಾಯದೆ ತೋರಿಸಿ. ಹೊಪ್ಪಳೆ ಕೀಳಬೇಡಿ.

ಮದುವೆ ವಿಷಯ ಅಣ್ಣನ ಹತ್ರ ಮಾತಾಡಿದ್ದೀನಿ. ಮದುವೆಗೆ ಮೊದಲು ಕತ್ತರಿ ಇಲ್ಲ, ಹೊಸ ತೂತೂ ಇಲ್ಲ. ಮೊದಲ ಸೂಜಿ ಹೋದ ವಾರ ಮಂಡ್ಯದಲ್ಲಿ ಆಯ್ತು. ಎರಡನೇದು ಚಪ್ಪರಕ್ಕೆ ಹತ್ತು ದಿನ ಮುಂಚೆ ಬರ್ತದೆ, ಮೂರನೇದಕ್ಕೆ ಅಳಿಯಂದಿರೇ ಕರ್ಕೊಂಡು ಹೋಗ್ತೀನಿ ಅಂದವ್ರೆ. ಅವರಿಗೆ ಹುಡುಗಿಯೇ ಫೋನಲ್ಲಿ ಹೇಳಿದ್ಲಂತೆ, ನೀವು ಯಾರೂ ಹೇಳೋಕೆ ಮುಂಚೆ. ಧಾರೆ ದಿನ ಭಾರದ ಜುಮ್ಕಿ ಬೇಡ, ಹಗೂರಾದ ಕಿವಿ ಚೈನು ಕೂದಲಿಗೆ ಸಿಕ್ಕಿಸೋಣ ಅಂತ ಅವಳೇ ಆರಿಸಿಟ್ಟಿದ್ದಾಳೆ. ಉಡುಗೊರೆಗೆ ಓಲೆ ತರಬೇಕು ಅಂತಿರೋರು ದಯವಿಟ್ಟು ಬಳೆ ತನ್ನಿ. ಎರಡೂ ಕಾಲು ಅಳತೆ.